ವಿಭೂತಿ ಹಚ್ಚಿದ ಕೆಂಪು ಸಿಲಿಂಡರು

"ಹಲೋ... ಹಲೋ, ಯಾರ್ರಿ ಮಾತಾಡೋರು? ಬೆಂಕಿ ಆರಸೋ ಆಫೀಸೇನ್ರಿ?"

...

ಆ ಕಡೆಯ ಮೊದಲ ಮಾತಿಗೇ ಬಸವೇಶ್ವರಿಗೆ ದನಿಯ ಗುರುತು ಹತ್ತಿತು. ಹೋದ ವಾರ ಆಳಂದದ ಪೇಟೆ ಓಣಿಗೆ ಬಂದು, ಅವಳ ಖಾನಾವಳಿಯನ್ನು ಟೇಪು ಹಿಡಿದು ಅಡ್ಡಡ್ಡ ಉದ್ದುದ್ದ ಅಳೆದು, ನಪಾಸಿನ ನೋಟೀಸು ಕೊಟ್ಟು ಹೋಗಿದ್ದ ಸುಧೀರ ಸಾಹೇಬರೇ ಅವರು. ಬೆಂಕಿ ಸುರಕ್ಷತೆಯ ತಪಾಸಣೆ ಮಾಡುವವರು. ನಪಾಸಾದರೆ ಮತ್ತೊಮ್ಮೆ ನೋಡಬೇಕು, ಮತ್ತೊಮ್ಮೆ ನೋಡಬೇಕಾದರೆ ಮತ್ತೊಮ್ಮೆ ಫೀ. ಸೋಮವಾರದೊಳಗೆ ಅವರ ಕಾಗದ ಕೈಗೆ ಬರದಿದ್ದರೆ ಪುರಸಭೆಯ ಲೈಸೆನ್ಸು ಇಲ್ಲ. ಲೈಸೆನ್ಸು ಇಲ್ಲದಿದ್ದರೆ ಅಜ್ಜಿಯ ಕಾಲದಿಂದ ಉರಿಯುತ್ತ ಬಂದ ಒಲೆಗೆ ನೀರು.

ಬೈಯಬೇಕೆಂದೇ ನೋಟೀಸಿನ ಕೆಳಗಿದ್ದ ನಂಬರಿಗೆ ಫೋನು ಹಚ್ಚಿದ್ದಳು. ಆದರೆ ಆ ದನಿ ಕೇಳಿದ ಕೂಡಲೇ ಅಜ್ಜಿ ಗುರುಶಾಂತಮ್ಮ ಹೇಳಿದ ಕತೆ ನೆನಪಾಯಿತು. ಮಣ್ಣೂರಿನ ಭೀಮಾ ನದಿಯ ದಂಡೆಗೆ ನೀರಿಗೆ ಹೋದ ಸೊಸೆಗೆ ಬಳೆಗಾರನ ವೇಷದ ದೆವ್ವ ಎದುರಾಯಿತಂತೆ. ಹಿಮ್ಮಡಿ ಮುಂದಾಗಿದ್ದ ಪಾದ ಕಂಡರೂ ಕಾಣದವಳಂತೆ ಅವಳು, "ಅಣ್ಣಾ, ಈ ಕೊಡ ಜರಾ ಹೊರು" ಅಂದಳಂತೆ. ಗುರುತು ಸಿಗುವ ತನಕ ದೆವ್ವ ಮನುಷ್ಯರ ಹಾಗೇ ನಡೆದುಕೊಳ್ಳಬೇಕಲ್ಲ, ಹೊತ್ತು ಮುಳುಗುವ ತನಕ ಅವಳ ಮನೆಯ ಹಂಡೆ ತುಂಬಿಸಿತಂತೆ.

ಬಸವೇಶ್ವರಿ ಸೆರಗಿನಿಂದ ನಗೆಯನ್ನು ಒರೆಸಿಕೊಂಡಳು.

"ನೀವು ಅಲ್ಲಿ ಕ್ಲಾರ್ಕ್ ಇರಬೇಕು, ಅಲ್ವಾ?... ಹೂಂ ಅಂದ್ರ ಏನ್ರಿ? ಆತು, ಹೂಂ ಅಂದ್ರ ಹೌದು ಅಂತ ತಿಳಕೋತೇನಿ."

...

"ಇಲ್ರಿ, ಬೆಂಕಿ ಎಲ್ಲೂ ಹತ್ತಿಲ್ಲ. ಒಲಿಯಾಗಷ್ಟೇ ಅದ, ಅಲ್ಲಿ ಇರಬೇಕಾದ್ದೇ. ಗಾಡಿ ಗಂಟಿ ಬಾರಿಸಿಕೋತ ಬರೋದು ಬ್ಯಾಡ. ನಾನು ಫೀ ಸಲುವಾಗಿ ಮಾತಾಡಾಕತ್ತೇನಿ."

...

"ಪೇಟಿ ಓಣಿ ಖಾನಾವಳಿ ಬಸವೇಶ್ವರಿ ಅಂತ... ಹಾಂ, ಅದೇ... ಅದೇನ್ರಿ ಚಿಂವ್ ಚಿಂವ್? ನಿಮ್ಮ ಆಫೀಸಿನ್ಯಾಗ ಗುಬ್ಬಿ ಗೂಡು ಕಟ್ಯಾವೇನು?... ಕಿಡಕಿ ಹತ್ರ ಗಿಡ ಅದನಾ? ಛಲೋ ಆತು ಬಿಡ್ರಿ, ಬೆಂಕಿ ಕೆಲಸ ಮಾಡೋರಿಗೆ ನೆರಳು ಬೇಕು."

...

"ನಿಮ್ಮ ಸಾಹೇಬ್ರು ಒಬ್ರು ಇದ್ದಾರಲ್ಲ, ಸುಧೀರ ಅಂತ. ಅವರು ಪಕ್ಕದಾಗ ಇಲ್ಲ ಅಲ್ವಾ?... ಖರೆ ಇಲ್ಲ? ಹಂಗಾದ್ರ ಹೇಳ್ತೇನಿ. ಆ ಮನಶಾ ಬಂದು ಅಡಿ ಲೆಕ್ಕದಾಗ ಫೀ ಅಂದ. ಆಗ್ಲಿ ಅಂದೆ. ಒಳಗ ಅಳದ, ಅಡಗಿಮನಿ ಅಳದ, ಹೊರಗ ಹೋಗಿ ಕಟ್ಟಿನೂ ಅಳದ. ಕಟ್ಟಿ ಕಲ್ಲಿಂದರಿ. ಕಲ್ಲಿಗೆ ಬೆಂಕಿ ಹತ್ತತದೇನು? ಅಲ್ಲಿ ಮಲಗಿದ್ದ ನಾಯಿ ಎದ್ದು ಹೋಯ್ತು, ತನ್ನ ಬಾಲನೂ ಅಳತಿಗೆ ಹಿಡೀತಾರ ಅಂತ."

...

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ತಲೆ ಎತ್ತಿ, "ಯಾರ್ಗೆ ಬೇ ಹಿಂಗ ಬಯ್ಯಾಕತ್ತಿ?" ಎಂದಳು. ಬಸವೇಶ್ವರಿ ಬಾಯ ಮೇಲೆ ಬೆರಳಿಟ್ಟು, ತನ್ನದೇ ಪಾದವನ್ನು ಹಿಂದುಮುಂದಾಗಿ ತಿರುವಿ ತೋರಿಸಿದಳು. ಅಜ್ಜಿಗೆ ತಿಳಿಯಿತು. ಕತೆ ಅವಳದೇ ಅಲ್ಲವೇ. ಸುಮ್ಮನೆ ರೊಟ್ಟಿ ಮಗುಚಿದಳು.

"ಹಾಂ, ಇದ್ದೇನ್ರಿ, ಕೇಳಾಕತ್ತೇನಿ... ಜನ ಕೂಡೋ ಜಾಗಾ ಎಲ್ಲಾ ಅಳೀಬೇಕು ಅಂತ ನಿಯಮ ಅದನಾ? ಇರ್ಲಿ. ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮ ದುಕಾನಿಗೆ ಬೆಂಕಿ ಹತ್ತಿದ್ರ ನಿಮ್ಮ ಗಾಡಿ ಬರೋದಕ್ಕ ಏನು ಕೊಡಬೇಕು?... ಏನೂ ಇಲ್ಲ? ಫುಕಟ? ಹತ್ತಲಾರದಂಗ ಇಟ್ಟೀವಿ, ಬಂದು ನೋಡ್ರಿ ಅಂದ್ರ ಮಾತ್ರ ಫೀ. ಸುಟ್ಟವರಿಗೆ ಧರ್ಮ, ಸುಡದವರಿಗೆ ದಂಡ. ಹೆಂಗದ ನೋಡ್ರಿ ನ್ಯಾಯ."

...

"ನಗಬ್ಯಾಡ್ರಿ... ಇಲ್ಲ, ನಕ್ಕಿದ್ದು ನನಗ ಕೇಳಿಸ್ತು. ನಮ್ಮೂರು ಕಿಣ್ಣಿ ಸುಲ್ತಾನದಾಗ ಕನ್ಯಾ ನೋಡಾಕ ಬಂದವರಿಗೆ ಸೂಸಲಾ ಕೊಡ್ತೀವಿ, ಚಹಾ ಕೊಡ್ತೀವಿ. ಪಸಂದ ಇಲ್ಲ ಅಂತ ಹೋಗ್ತಾರ, ಹೋಗ್ಲಿ. ಆದ್ರ ನೋಡಿದ್ದಕ್ಕ ಇಷ್ಟು ಕೊಡ್ರಿ, ಮುಂದಿನ ವಾರ ಮತ್ತ ನೋಡ್ತೀವಿ, ಮತ್ತ ಇಷ್ಟು ಕೊಡ್ರಿ ಅಂತ ಯಾವ ಬೀಗರೂ ಇಲ್ಲೀತನಕ ಕೇಳಿಲ್ಲ."

...

"ಯಾಕ ನಪಾಸ ಆತು ಅಂತೀರಾ? ಅದು..."

ಇಲ್ಲಿ ಬಸವೇಶ್ವರಿಯ ನಾಲಗೆ ಜರಾ ತಡವರಿಸಿತು. ಕಾರಣ ಇಬ್ಬರಿಗೂ ಗೊತ್ತಿದ್ದದ್ದೇ. ಬೆಂಕಿ ನಂದಿಸುವ ಕೆಂಪು ಸಿಲಿಂಡರೊಂದನ್ನು ಅವಳು ಖರೀದಿ ಮಾಡಿ ಒಲೆಯ ಪಕ್ಕದ ಗೂಟಕ್ಕೆ ತೂಗುಹಾಕಿದ್ದಳು. ಆಯುಧ ಪೂಜೆಯ ದಿನ ಅಜ್ಜಿ ರೊಟ್ಟಿ ಹಂಚು, ಕುಡಗೋಲುಗಳ ಜೊತೆ ಅದಕ್ಕೂ ಮೂರೆಳೆ ವಿಭೂತಿ ಎಳೆದಿದ್ದಳು. ಸಾಹೇಬರು ಬರುತ್ತಾರೆಂದು ಸುದ್ದಿಯಾದ ದಿನ ಪಕ್ಕದ ಬಳೆ ಅಂಗಡಿಯ ಮಂಜರಿ ಹಿಂದಿನ ಬಾಗಿಲಿಗೆ ಬಂದು ಅದನ್ನು ಕೇಳಿದ್ದಳು. ಹೊಸ್ತಿಲಿಗೆ ಬಂದು ಕೇಳಿದವರಿಗೆ ಇಲ್ಲ ಅನ್ನುವ ರೂಢಿ ಈ ಮನೆಯಲ್ಲಿಲ್ಲ. ಸಾಹೇಬರು ಮೊದಲು ಮಂಜರಿಯ ಅಂಗಡಿಯಲ್ಲಿ ಮೂರೆಳೆಯ ಸಿಲಿಂಡರನ್ನು ನೋಡಿದರು. ಅವರು ಮುಂಬಾಗಿಲಿನಿಂದ ಬರುವಷ್ಟರಲ್ಲಿ ಅದು ಹಿಂಬಾಗಿಲಿನಿಂದ ಖಾನಾವಳಿಗೆ ಬಂದು ಗೂಟ ಹಿಡಿದಿತ್ತು. ಮೂರೆಳೆ ಮಾತ್ರ ಅವೇ. ಯಾರದು ಎಂದು ಕೇಳಿದರು. ಗೆಳತಿಯ ಮಾನ ಹೋದೀತೆಂದು ಬಸವೇಶ್ವರಿ ತುಟಿ ಬಿಚ್ಚಲಿಲ್ಲ. ಇಬ್ಬರೂ ನಪಾಸು.

"ಕಡಾ ಕೊಟ್ಟಿದ್ದೆ ಅಂತ ತಿಳೀರಿ... ತಪ್ಪೇ, ಅಲ್ಲ ಅನ್ನಂಗಿಲ್ಲ. ಆದ್ರ ಬಾಜು ಮನ್ಯಾಕಿ ಮಸರಿಗೆ ಹೆಪ್ಪು ಕೇಳಿದ್ರ ನೀವು ಕೊಡಂಗಿಲ್ಲೇನು?"

...

"ಹೆಪ್ಪಿನಿಂದ ಬೆಂಕಿ ಆರಂಗಿಲ್ಲ, ಅದು ಖರೆ. ಇಬ್ಬರ ದುಕಾನಕ್ಕೂ ಒಮ್ಮೆಲೇ ಹತ್ತಿದ್ರ ಅಂತೀರಿ?... ಹಾಂ. ಅದನ್ನ ನಾನು ವಿಚಾರ ಮಾಡಿರಲಿಲ್ಲ ನೋಡ್ರಿ."

ನಿಜಕ್ಕೂ ಮಾಡಿರಲಿಲ್ಲ. ಒಂದು ಗಳಿಗೆ ಅವಳ ಕಣ್ಣ ಮುಂದೆ ಎರಡೂ ಮಾಡು ಉರಿದವು, ನಡುವೆ ಹಿಂಬಾಗಿಲಿನಲ್ಲಿ ತಾನೂ ಮಂಜರಿಯೂ ಒಂದೇ ಸಿಲಿಂಡರನ್ನು ಆ ಕಡೆ ಈ ಕಡೆ ಜಗ್ಗುತ್ತ ನಿಂತಿದ್ದರು. ತಲೆ ಕೊಡವಿದಳು. ದೆವ್ವಕ್ಕೆ ಕೊಡ ಹೊರಿಸುವ ಹೊತ್ತು ಬಂದಿತ್ತು.

"ನೀವು ಭಾಳ ತಿಳದವರು ಕಾಣ್ತೀರಿ. ಆ ಸುಧೀರ ಸಾಹೇಬ್ರಕ್ಕಿಂತ ನೀವು ಎಷ್ಟೋ ಪಾಡು. ಅವರ ಖುರ್ಚಿದಾಗ ನೀವು ಇದ್ದಿದ್ರ ಏನು ಮಾಡ್ತಿದ್ರಿ?... ಅಲ್ರಿ, ಸುಮ್ನ ಹೇಳ್ರಿ, ನಮ್ಮ ನಮ್ಮೊಳಗ."

...

"ಹಾಂ... ಹಾಂ... ಯಾರದು ಅಂತ ಸಾಬೀತಾದ್ರ ಅವರು ಪಾಸ್. ಎರಡನೇ ಫೀ ಇಲ್ಲ. ಮತ್ತ ಕಡಾ ಒಯ್ದಾಕಿ?... ಸೋಮವಾರ ತನಕ ವಾಯಿದೆ, ತನ್ನದು ತಾನು ತರಬೇಕು. ಅಕಿಗೂ ಎರಡನೇ ಫೀ ಇಲ್ಲ, ಅಲ್ವಾ?... ಅಲ್ವಾ?... ಆತು ಅಂದ್ರಿ. ಅಂದ್ರಿ ನೋಡ್ರಿ. ನಮ್ಮ ಅಜ್ಜಿ ಸಾಕ್ಷಿ, ಒಲಿ ಸಾಕ್ಷಿ."

...

"ಇನ್ನ ಮ್ಯಾಲ ಕೊಡಂಗಿಲ್ರಿ. ಆಣಿ ಮಾಡಿ ಹೇಳ್ತೇನಿ. ಈಗಲೂ ಅದು ನನ್ನ ಕಣ್ಣ ಮುಂದೇ ಗೂಟಕ್ಕ..."

ಗೂಟ ಬರಿದಾಗಿತ್ತು.

ಬಸವೇಶ್ವರಿ ಫೋನಿನ ಬಾಯಿ ಮುಚ್ಚಿ ಅಜ್ಜಿಯತ್ತ ತಿರುಗಿದಳು. ಅಜ್ಜಿ ಹಿಟ್ಟಿನ ಕೈಯಿಂದಲೇ ಹಿಂಬಾಗಿಲು ತೋರಿಸಿದಳು. "ಮುಂಜಾನಿ ಮಂಜರಿ ಹೆಪ್ಪಿಗೆ ಬಂದಿದ್ಲು. ಅದನ್ನೂ ಒಯ್ಲೇನು ಅಂದ್ಲು. ಬ್ಯಾಡ ಹೆಂಗ ಅನ್ಲಿ ಬೇ?"

ಅಷ್ಟರಲ್ಲಿ ಫೋನಿನೊಳಗೆ ಗುಬ್ಬಿ ಚಿಂವ್ ಅಂದಿತು. ಅದೇ ಗಳಿಗೆಗೆ ಪಕ್ಕದ ಗೋಡೆಯಾಚೆಯಿಂದಲೂ ಚಿಂವ್ ಅಂದಿತು. ಗಿರಾಕಿ ಒಳಗೆ ಕಾಲಿಟ್ಟರೆ ಕೂಗುವ ಪ್ಲಾಸ್ಟಿಕ್ ಗುಬ್ಬಿಯೊಂದು ಮಂಜರಿಯ ಅಂಗಡಿಯ ಬಾಗಿಲಲ್ಲಿತ್ತು. ಇಡೀ ಓಣಿಯಲ್ಲಿ ಅಂಥದ್ದು ಅದೊಂದೇ.

ಆಫೀಸೂ ಇಲ್ಲ, ಕಿಡಕಿಯೂ ಇಲ್ಲ, ಗಿಡವೂ ಇಲ್ಲ. ನೋಟೀಸಿನ ಕೆಳಗಿದ್ದ ನಂಬರು ಸಾಹೇಬರ ಜೇಬಿನದು. ಮಂಜರಿಯ ಅಂಗಡಿಯನ್ನು ಮತ್ತೊಮ್ಮೆ ನೋಡಲು ಬಂದಿದ್ದ ಸಾಹೇಬರು ಇಷ್ಟು ಹೊತ್ತೂ ಗೋಡೆಯಾಚೆ ನಿಂತು, ಅವಳ ಸಿಲಿಂಡರನ್ನೇ ನೋಡುತ್ತ, ಅವಳ ಮಾತಿಗೆ ಹೂಂಗುಡುತ್ತಿದ್ದರು. ಹಂಡೆ ತುಂಬಿಸಿದ್ದು ಯಾರು ಯಾರಿಗೆ ಎಂದು ಬಸವೇಶ್ವರಿಗೆ ಒಮ್ಮೆಲೇ ಗೊತ್ತಾಗದಂತಾಯಿತು.

"ಹಲೋ... ಇದ್ದೇನ್ರಿ. ಗೂಟಕ್ಕ ಅದನಾ ಅಂತ ಕೇಳಾಕತ್ತೀರಾ?... ಗೂಟ ಅದರಿ. ಗೂಟ ಗಟ್ಟಿ ಅದ."

...

"ಯಾರದು ಅಂದ್ರ... ಏನು ಹೇಳ್ಲಿ? ನನ್ನದು ಅಂದ್ರ ಮಂಜರಿ ಬಾಜು ನಿಂತಾಳ, ಅಕಿ ಮಾರಿ ಕೆಳಗಾಗ್ತದ. ನನ್ನದಲ್ಲ ಅಂದ್ರ ಅಜ್ಜಿ ಒಲಿ ಆರತದ. ನೀವೇ ಹೇಳ್ರಿ... ಇಲ್ಲ, ನಾನು ಹೇಳಂಗಿಲ್ಲ. ಹೋದ ವಾರನೂ ಹೇಳಿಲ್ಲ, ಈಗೂ ಹೇಳಂಗಿಲ್ಲ. ಬೇಕಾದ್ರ ಮತ್ತ ನಪಾಸ ಮಾಡ್ರಿ."

...

ಅಜ್ಜಿಯ ಹಂಚಿನ ಮೇಲೆ ರೊಟ್ಟಿ ಉಬ್ಬಿ ಇಳಿಯಿತು. ಆಮೇಲೆ ಆ ಕಡೆಯ ಮಾತು ಮೆಲ್ಲಗೆ ಶುರುವಾಯಿತು. ಕೇಳುತ್ತ ಕೇಳುತ್ತ ಅವಳ ಹುಬ್ಬು ಮೇಲೇರಿತು.

"ಹಾಂ?... ಗ್ವಾಡಿ ಮ್ಯಾಲ ವಿಠ್ಠಲನ ಫೋಟೋ... ಹೌದು, ಅವರ ಮನಿದೇವರು... ಅವರ ಹಣಿಗೆ ಬುಕ್ಕಿಟ್ಟು, ಗೋಪಿಚಂದನ... ಹೌದು, ಅವರು ಇಭೂತಿ ಹಚ್ಚಂಗಿಲ್ಲ. ಅಂಥಾ ದುಕಾನಿನ್ಯಾಗ ಮೂರೆಳಿ ಇಭೂತಿ ಬಡಕೊಂಡು ಕುಂತದ್ದು ಯಾರ ಮನಿ ಕೂಸು ಅಂತ ಕೇಳೋದು ಬ್ಯಾಡ ಅಂತೀರಾ?... ಅಂದ್ರ ಸಾಬೀತಾತು ಅಂದಂಗ... ಪಾಸ್ ಅಂದಂಗ?... ಹಲೋ, ಖರೆ?"

...

"ಮಂಜರಿ ಅಳಾಕತ್ತಾಳಾ?... ನಗಾಕತ್ತಾಳಾ? ಅಕಿಗೆ ಸೋಮವಾರ ತನಕ ವಾಯಿದೆ ಅಂತ ಹೇಳ್ರಿ. ನಿಮ್ಮ ಕ್ಲಾರ್ಕ್ ಮಾತು ಕೊಟ್ಟಾನ."

ಹಿಂಬಾಗಿಲಲ್ಲಿ ಸಪ್ಪಳಾಯಿತು. ಸುಧೀರ ಸಾಹೇಬರು ಕೆಂಪು ಸಿಲಿಂಡರನ್ನು ಎರಡೂ ಕೈಯಿಂದ ತಬ್ಬಿ, ಫೋನನ್ನು ಕಿವಿ ಮತ್ತು ಹೆಗಲ ನಡುವೆ ಹಿಡಿದು, ಹೊಸ್ತಿಲು ದಾಟಲು ಕಾಲಿನಿಂದ ತಡಕುತ್ತಿದ್ದರು. ಅವರ ಇಸ್ತ್ರಿ ಮಾಡಿದ ಖಾಕಿ ಅಂಗಿಯ ಎದೆಗೆ ಮೂರೆಳೆ ವಿಭೂತಿ ಅಚ್ಚೊತ್ತಿತ್ತು. ಹಿಂದೆ ಮಂಜರಿ ಹೆಪ್ಪಿನ ಬಟ್ಟಲು ಹಿಡಿದು ನಿಂತಿದ್ದಳು. ಅಜ್ಜಿ ಸಾಹೇಬರ ಮುಖ ನೋಡಲಿಲ್ಲ, ಬಾಗಿ ಅವರ ಪಾದ ನೋಡಿದಳು. ಬೆರಳು ಮುಂದೆ, ಹಿಮ್ಮಡಿ ಹಿಂದೆ. ಸಮಾಧಾನದಿಂದ ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ಬಸವೇಶ್ವರಿ ಅವರನ್ನು ಕಣ್ಣ ಮುಂದೆ ಇಟ್ಟುಕೊಂಡೇ ಫೋನಿನಲ್ಲಿ ಮಾತು ಮುಂದುವರಿಸಿದಳು.

"ಕ್ಲಾರ್ಕ್ ಸಾಹೇಬ್ರ, ಇಡ್ತೇನ್ರಿ. ನಿಮ್ಮ ಸುಧೀರ ಸಾಹೇಬ್ರು ಬಂದ್ರು. ನಾನು ಅಂದಷ್ಟು ಕೆಟ್ಟವರಲ್ಲ, ಭಾರ ಹೊರ್ತಾರ. ಅವರಿಗೆ ಬಿಸಿ ರೊಟ್ಟಿ ಹಾಕ್ತೇನಿ, ನೋಡಿದ್ದಕ್ಕಲ್ಲ, ಹೊತ್ತದ್ದಕ್ಕ. ಆದ್ರ ಆ ಕಟ್ಟಿ ಅಳತಿ ಮಾತು ಇನ್ನೂ ಮುಗಿದಿಲ್ಲ ನೋಡ್ರಿ, ಅದನ್ನ ನೀವು ಅವರಿಗೆ ಜರಾ ತಿಳಿಸಿ..."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಹೆಗಲು ಅಲುಗಿತು, ಫೋನು ಜಾರಿತು, ಅಜ್ಜಿಯ ಜೋಳದ ಹಿಟ್ಟಿನ ಪರಾತದೊಳಗೆ ಬೋರಲು ಬಿತ್ತು.

"ಹಲೋ... ಹಲೋ?"