ಕಾಗದಕ್ಕೆ ಬಾರದ ಹೆಸರು

ಒಂದು ಹಡಗಿನಲ್ಲಿ ಇಬ್ಬರು ಕೂತು ಬೂದಿ ಹಾಕಿ ತಟ್ಟೆ ಉಜ್ಜುತ್ತಿದ್ದರು. ಒಬ್ಬ ನಾವಿಕ, ಇನ್ನೊಬ್ಬ ಗುಲಾಮ. ಅಮೆರಿಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ನಡೆದ ಕಾಲ. ಇದು ದಕ್ಷಿಣದವರ ಹಡಗು. ಗುಲಾಮರು ಗುಲಾಮರಾಗಿಯೇ ಇರಲಿ ಎಂದು ಹೊಡೆದಾಡುತ್ತಿದ್ದವರ ಹಡಗು.

ಹಿಂದಿನ ದಿನ ಗುಂಡು ಬಿದ್ದು ಬೆಂಕಿ ಹತ್ತಿತ್ತು. ಸಿಡಿಮದ್ದಿನ ಕೋಣೆಯ ಬಾಗಿಲವರೆಗೂ ಬಂದಿತ್ತು. ಒದ್ದೆ ಕಂಬಳಿ ಹಿಡಿದು ಒಳಗೆ ನುಗ್ಗಿ ನಂದಿಸಿದವನು ಯಾರು? ಈ ಗುಲಾಮ. ಅವನ ಕೈ ತುಂಬ ಬೊಬ್ಬೆ. ಆ ಕೈಯಲ್ಲೇ ತಟ್ಟೆ ಉಜ್ಜುತ್ತಿದ್ದ, ನೋಡಿ.

ಉಜ್ಜುತ್ತಲೇ ಕೇಳಿದ: "ದಣೀ, ಊರಿಗೆ ಕಾಗದ ಬರೀತೀರಂತೆ. ನನ್ನ ಹೆಸರೂ ಹಾಕ್ತೀರಾ? ನಾನಿದ್ದೀನಿ ಅಂತ ನನ್ನ ಹೆಂಡ್ತಿಗೆ ಗೊತ್ತಾದ್ರೆ ಸಾಕು."

ಇಬ್ಬರದೂ ಒಂದೇ ಊರು. ಅಲ್ಲೊಂದು ವಾಡಿಕೆ. ಹಡಗಿನ ಕಾಗದವನ್ನು ಭಾನುವಾರ ಚರ್ಚಿನಲ್ಲಿ ಓದುತ್ತಿದ್ದರು. ಯಾರು ಹೇಗೆ ಸೇವೆ ಮಾಡಿದರು ಎಂದು ಹೆಸರು ಹಿಡಿದು ಓದುತ್ತಿದ್ದರು. ಹೆಸರು ಬಂದರೆ ಬದುಕಿದ್ದಾನೆ. ಬಾರದಿದ್ದರೆ? ಕೇಳಿದವರೇ ತಿಳಿದುಕೊಳ್ಳಬೇಕು.

ನಾವಿಕ ಬರೆದ. ಫಿರಂಗಿ ತುಂಬಿದವನ ಹೆಸರು ಬರೆದ, ಗಾಯವಾದರೂ ಕಾವಲು ಬಿಡದವನ ಹೆಸರು ಬರೆದ. ಗುಲಾಮನ ಹೆಸರಿಗೆ ಬಂದಾಗ ಲೇಖನಿ ಕೆಳಗಿಟ್ಟ. ಕ್ಯಾಪ್ಟನ್ ಓದದೆ ಕಳಿಸುವವನಲ್ಲ. "ಏನಪ್ಪಾ, ಇವನೂ ಸೈನಿಕನಾ? ನಾಳೆ ಇವನ ಪಕ್ಕದಲ್ಲೇ ಊಟಕ್ಕೆ ಕೂರ್ತೀಯಾ?" ಅಂದರೆ? ಉಳಿದವರು ನಕ್ಕರೆ? ಗುಂಡಿಗೆ ಹೆದರದವನು ಆ ನಗುವಿಗೆ ಹೆದರಿದ. ಕಾಗದ ಮಡಿಸಿಬಿಟ್ಟ.

ಕಾಗದ ಒಯ್ಯಲು ಕ್ಯಾಪ್ಟನ್ ಆ ನಾವಿಕನನ್ನೇ ಊರಿಗೆ ಕಳಿಸಿದ. ಭಾನುವಾರ ಅವನು ಮುಂದಿನ ಬೆಂಚಿನಲ್ಲಿ, ಗುಲಾಮನನ್ನು ಹಡಗಿಗೆ ಕಳಿಸಿದ್ದ ಒಡೆಯನ ಪಕ್ಕದಲ್ಲೇ ಕೂತಿದ್ದ. ಗುಲಾಮರು ಮೇಲೆ ಅಟ್ಟದಲ್ಲಿ. ಪಾದ್ರಿ ಓದಿ ಮುಗಿಸಿದರು. ಕೆಳಗಿನ ತಾಯಂದಿರು ನೆಮ್ಮದಿಯ ಉಸಿರು ಬಿಟ್ಟರು. ಮೇಲೆ ಒಂದು ಬೆಂಚು ಕಿರುಗುಟ್ಟಿತು. ಯಾರೋ ಎದ್ದು ನಿಂತರು. ನಾವಿಕ ತಿರುಗಿ ನೋಡಲಿಲ್ಲ.

ನಾವು ನೋಡುತ್ತೇವೆಯೇ? ಮದುವೆ ಊಟ ಉಂಡು ಅಡುಗೆಯವರನ್ನು ಹೊಗಳುತ್ತೇವೆ. ಹಿತ್ತಲಲ್ಲಿ ಕೂತು ಹಂಡೆ ತಿಕ್ಕಿದವಳ ಹೆಸರು ಗೊತ್ತೇ? ನಮ್ಮ ಚರಂಡಿಗೆ ಇಳಿದವನ ಬೊಗಸೆಗೆ ನೀರನ್ನು ಎತ್ತಿ ಹೊಯ್ಯುತ್ತೇವೆ. ಅವನ ಹೆಸರು ಕೇಳಿದ್ದೇವೆಯೇ? ಇಲ್ಲ. ಪಕ್ಕದ ಮನೆಯವರು ಏನಂದಾರು ಎಂಬ ಭಯ. ನಾಳೆ ಬೆಳಿಗ್ಗೆ ಕೇಳಿ. ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿ. ನಾಲ್ಕು ಜನರ ಎದುರು ಹೆಸರು ಹಿಡಿದು ಕರೆಯಿರಿ. ಭಯವಾದರೂ ಕರೆಯಿರಿ.

ಅಟ್ಟದಲ್ಲಿ ಎದ್ದು ನಿಂತಿದ್ದ ಆ ಗುಲಾಮನ ಹೆಂಡತಿಗೂ ಭಯವಿತ್ತು. ಆದರೂ ಅವಳು ಕೇಳಿದಳು: "ಅಯ್ಯನೋರೇ, ಒಂದು ಹೆಸರು ಬಿಟ್ಟುಹೋಗಿರಬೇಕು. ಇನ್ನೊಂದ್ಸಲ ಓದ್ತೀರಾ?"

ಪಾದ್ರಿ ನಾವಿಕನ ಕಡೆ ನೋಡಿದರು. ನಾವಿಕ ತನ್ನ ಕೈಗಳನ್ನೇ ನೋಡುತ್ತಾ ಕೂತ.