ಕಲಿನಾ ಮುಟಾಫೊವಾ ತಲೆಯಾಡಿಸಿದ್ದು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನಗರಸಭೆಯ ಹಿರಿಯರೇ, ವಿಯೆನ್ನಾದಿಂದ ಇಷ್ಟು ದೂರ ಬಂದಿರುವ ಅತಿಥಿಗಳೇ, ಮೊದಲ ಸಾಲಿನ ನಡುವೆ ಕುಳಿತಿರುವ ನಮ್ಮ ಕಲಿನಾ ಮುಟಾಫೊವಾ ಅವರೇ, ನನ್ನ ರೂಸೆ ಊರಿನ ಸಭಿಕರೇ,

ನಾನು ಲ್ಯುಬೆನ್ ಹಜಿಕೊಲೆವ್. ನನ್ನ ಮುಖ ನಿಮಗೆ ಗೊತ್ತಿರಲಾರದು. ಈ ಒಪೆರಾ ಮಂದಿರದ ರಂಗದ ಅಂಚಿನಲ್ಲಿ ಒಂದು ಗೂಡಿದೆ. ಅದರೊಳಗೆ ಕೂತು ಹಾಡುವವರಿಗೆ ಮುಂದಿನ ಪದವನ್ನು ಪಿಸುಗುಟ್ಟುವುದು ನನ್ನ ಕಸುಬು. ಜೀವಮಾನವೆಲ್ಲ ಬೇರೆಯವರ ಬಾಯಿಗೆ ಮಾತು ಕೊಟ್ಟವನನ್ನು ಇಂದು ಸ್ವಂತ ಮಾತಾಡು ಎಂದು ನಿಲ್ಲಿಸಿದ್ದೀರಿ. ನನಗೆ ಪಿಸುಗುಟ್ಟುವವರು ಯಾರೂ ಇಲ್ಲ, ತಡವರಿಸಿದರೆ ಕ್ಷಮಿಸಿ.

ಕಲಿನಾ ಅವರ ಬಗ್ಗೆ ಏನು ಹೇಳಲಿ? ರೊಡೋಪಿ ಬೆಟ್ಟದ ಹುಡುಗಿ. ತಾಯಿ ತಂಬಾಕಿನ ಎಲೆ ಪೋಣಿಸುತ್ತಾ ಹಾಡುತ್ತಿದ್ದರೆ ಮಗಳು ಎದುರಿನ ಬೆಟ್ಟಕ್ಕೆ ಕೇಳುವಂತೆ ದನಿ ಸೇರಿಸುತ್ತಿದ್ದಳು. ಸೋಫಿಯಾದ ಸಂಗೀತ ಶಾಲೆಯಲ್ಲಿ ಗುರುಗಳು ಮೊದಲ ದಿನವೇ ಗದರಿದರಂತೆ: “ಇಲ್ಲಿ ಕುರಿ ಇಲ್ಲಮ್ಮಾ, ಯಾರನ್ನ ಕೂಗ್ತಿದ್ದೀಯಾ?”

“ಕುರಿ ಇದ್ದಿದ್ರೆ ಇಷ್ಟೊತ್ತಿಗೆ ತಿರುಗಿ ನೋಡಿರೋದು ಸಾರ್.”

ಆ ಉತ್ತರಕ್ಕೆ ಅವರನ್ನು ಹೊರಗೆ ನಿಲ್ಲಿಸಿದರು, ಆ ದನಿಗಾಗಿ ಮತ್ತೆ ಒಳಗೆ ಕರೆದರು. ಅಲ್ಲಿಂದ ಈ ರಂಗಕ್ಕೆ ಬಂದರು. ಇಲ್ಲಿಂದ ವಿಯೆನ್ನಾ, ಅಲ್ಲಿ ಇಪ್ಪತ್ತು ವರ್ಷ. ಮರಳಿ ಬಂದ ಮೇಲೆ ಈ ರಂಗದ ಮೇಲೆ ಅವರು ಎಷ್ಟು ಸಲ ಸತ್ತರೋ ಲೆಕ್ಕವಿಲ್ಲ. ಸಾಯುವುದೆಲ್ಲ ನನ್ನ ಗೂಡಿನ ಎದುರಿಗೇ. ಒಮ್ಮೆ ವಿಷ ಕುಡಿದು ಬಿದ್ದವರು ಕಣ್ಣು ತೆರೆಯದೆ ಪಿಸುಗುಟ್ಟಿದರು: “ಲ್ಯುಬೊ, ಸೂಪಿಗೆ ಬೆಳ್ಳುಳ್ಳಿ ಹಾಕ್ಕೊಂಡು ಕುಡ್ದು ಬಂದ್ಯೇನೋ? ನಿಜವಾಗ್ಲೂ ಸತ್ತೋಗ್ತೀನಿ ಕಣೋ!”

ನಗಿ, ನಗಿ. ಅವರೂ ನಗುತ್ತಿದ್ದಾರೆ. ಆದರೆ ಅವರ ನಗುವಿಗೆ ಈಗ ಸದ್ದಿಲ್ಲ.

ಕಳೆದ ಚಳಿಗಾಲದಲ್ಲಿ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಇದನ್ನು ಮೆತ್ತಗೆ ಹೇಳುವ ಬಗೆ ನನಗೆ ಗೊತ್ತಿಲ್ಲ. ಒಂದು ದನಿ ಬೇಕೇ ಬೇಕೆಂದಿದ್ದರೆ ದೇವರು ನನ್ನದನ್ನು ಒಯ್ಯಬಹುದಿತ್ತು. ಅದರಿಂದ ಯಾರಿಗೆ ಏನು ನಷ್ಟವಿತ್ತು?

ಆದರೂ ಅವರು ತಾಲೀಮಿಗೆ ಬರುತ್ತಾರೆ. ಹೊಸ ಹುಡುಗಿಯರಿಗೆ ಕಣ್ಣಿನಲ್ಲಿ, ಕೈಯಲ್ಲಿ, ತಲೆಯಲ್ಲಿ ಕಲಿಸುತ್ತಾರೆ. ಹೋದ ತಿಂಗಳು ಒಂದು ತಾಲೀಮು. ಜರ್ಮನಿಯಿಂದ ಬಂದಿದ್ದ ವಾದ್ಯಮೇಳದ ನಿರ್ದೇಶಕರು, ಪಾಪ ಸಜ್ಜನರು, ಕುರ್ಚಿ ತಂದು “ಕೂರ್ತೀರಾ ಮೇಡಂ?” ಎಂದರು. ಕಲಿನಾ ತಲೆಯನ್ನು ಅತ್ತಿತ್ತ ಆಡಿಸಿದರು. ನಿರ್ದೇಶಕರು ಕುರ್ಚಿಯನ್ನು ವಾಪಸು ಒಯ್ದುಬಿಟ್ಟರು! ವಿಯೆನ್ನಾದ ಅತಿಥಿಗಳಿಗೆ ತಿಳಿದಿರಲಿ, ನಮ್ಮಲ್ಲಿ ತಲೆಯನ್ನು ಅತ್ತಿತ್ತ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ರಂಗದ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಗೂಡಿನಲ್ಲಿದ್ದ ನಾನು ನಗಲಿಲ್ಲ. ಅಂದು ಊಟವೂ ಸೇರಲಿಲ್ಲ.

ಯಾಕೆ? ಈ ಸಭೆಗೆ ಸಂಬಂಧವಿಲ್ಲದ ವಿಷಯ, ಚುಟುಕಾಗಿ ಹೇಳಿ ಮುಗಿಸುತ್ತೇನೆ.

ಕಲಿನಾ ವಿಯೆನ್ನಾಕ್ಕೆ ಹೋಗುವ ಮೊದಲಿನ ಮಾತು. ನಾನು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮೂರು ವರ್ಷ ಓದಿ ಆಗಷ್ಟೇ ಬಂದಿದ್ದೆ. ಡ್ಯಾನ್ಯೂಬ್ ದಂಡೆಯ ಬೆಂಚಿನ ಮೇಲೆ ಇಬ್ಬರೂ ಸೂರ್ಯಕಾಂತಿ ಬೀಜ ತಿನ್ನುತ್ತಾ ಕೂತಿದ್ದೆವು. “ಎಲ್ಲಾ ನೀನೇ ಮುಕ್ಕಿಬಿಟ್ಯಲ್ಲೋ!” ಎಂದು ಅವರು ಪೊಟ್ಟಣ ಕಿತ್ತುಕೊಂಡರು. ಅವರ ಬಾಯಿ ತುಂಬ ಬೀಜ. ಆಗ ನಾನು ಕೇಳಿಬಿಟ್ಟೆ: “ಕಲಿನಾ, ನನ್ನ ಮದುವೆ ಆಗ್ತೀಯಾ?”

ಅವರು ತಲೆಯನ್ನು ಅತ್ತಿತ್ತ ಆಡಿಸಿದರು.

ಸಭಿಕರೇ, ನಾನು ಹುಟ್ಟಿದ್ದು ರೂಸೆಯಲ್ಲಿ, ಆದರೆ ಆ ದಿನ ನನ್ನ ಕಣ್ಣು ಇನ್ನೂ ಜರ್ಮನಿಯಲ್ಲೇ ಇತ್ತು. ಮೂರು ವರ್ಷ ಅಲ್ಲಿನವರು ಅತ್ತಿತ್ತ ತಲೆಯಾಡಿಸಿದ್ದೆಲ್ಲ ‘ಇಲ್ಲ’. “ಸರಿ, ಅರ್ಥವಾಯ್ತು” ಎಂದು ಎದ್ದು ಹೊರಟೆ. ತಿರುಗಿ ನೋಡಲಿಲ್ಲ. ಕುರಿಯಾಗಿದ್ದರೆ ನೋಡುತ್ತಿದ್ದೆನೇನೋ. ಮುಂದಿನ ತಿಂಗಳು ಅವರು ವಿಯೆನ್ನಾ ರೈಲು ಹತ್ತಿದರು. ಕೇಳಿದವನೇ ಎದ್ದು ಹೋದ ಎಂದುಕೊಂಡಿರಬೇಕು. ಅವರು ಅಲ್ಲಿ ಮದುವೆಯಾಗಲಿಲ್ಲ, ನಾನು ಇಲ್ಲಿ ಆಗಲಿಲ್ಲ. ಮರಳಿದ ಮೇಲೆ ದಿನವೂ ಎದುರಾದರೂ ಇಬ್ಬರೂ ಆ ಮಾತು ಎತ್ತಲಿಲ್ಲ. ಅವರಿಗೆ ಸಾವಿರ ಪದ ಹೇಳಿಕೊಟ್ಟೆ, ನನ್ನದೊಂದು ಪದ ಗಂಟಲಲ್ಲೇ ಉಳಿಯಿತು. ಆ ಕುರ್ಚಿ ವಾಪಸು ಹೋದಾಗ ನನಗೆ ಬೆಂಚು ನೆನಪಾಯಿತು, ಅಂದಿನ ಉತ್ತರ ಆಗ ಅರ್ಥವಾಯಿತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದೇ ನಿಮಿಷ ಸ್ವಾಮಿ.

ಕಲಿನಾ, ನೀನು ದನಿಯಿದ್ದಾಗ ಆಡದ ಮಾತನ್ನು ಈಗ ಆಡು ಎನ್ನಲಾರೆ. ಅಂದು ಕೇಳಿದ್ದನ್ನೇ ಇಂದು ಇವರೆಲ್ಲರ ಎದುರು ಕೇಳುತ್ತಿದ್ದೇನೆ. ಈ ಸಲ ರೂಸೆಯವನಾಗಿಯೇ ನೋಡುತ್ತೇನೆ. ಆಗ್ತೀಯಾ?

...

ವಿಯೆನ್ನಾದ ಅತಿಥಿಗಳೇ, ನಿಮ್ಮ ಮುಖ ಬಾಡಿದ್ದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಬಾಡಬೇಡಿ. ಪಕ್ಕದವರನ್ನು ಕೇಳಿ, ಹೇಳುತ್ತಾರೆ.

ನನಗೆ ಮಾತು ಕೊಟ್ಟ ನಿಮ್ಮೆಲ್ಲರಿಗೂ ಋಣಿ. ನಾನಿನ್ನು ಕೆಳಗಿಳಿದು ಅವರ ಪಕ್ಕ ಕೂರಬೇಕು. ನಮಸ್ಕಾರ.