ಕ್ಲಾರಿಯ ಹವಳದ ಹನ್ನೆರಡು ಕೊಂಬೆ

ಇದು ನಡೆದದ್ದು ಜೂನ್ ಹದಿನಾಲ್ಕರಂದು, ಶುಕ್ರವಾರ. ಊರು ಟೌನ್ಸ್‌ವಿಲ್. ಮಳೆ ಬಿದ್ದು ಎರಡು ತಿಂಗಳಾಗಿತ್ತು.

ರೋವನ್‌ಗೆ ಕತೆ ಕಟ್ಟಲು ಬರುವುದಿಲ್ಲ. ಬಂದರಿನಲ್ಲಿ ಕ್ರೇನುಗಳ ವೈರಿಂಗ್ ನೋಡಿಕೊಳ್ಳುವವನು. ಅಳೆದು ನೋಡದ ಯಾವುದನ್ನೂ ಬಾಯಿಬಿಟ್ಟು ಹೇಳುವವನಲ್ಲ. ಆದ್ದರಿಂದಲೇ ಅವನು ಹೇಳಿದ್ದನ್ನು ತಳ್ಳಿಹಾಕುವುದು ಕಷ್ಟ.

ಅಂದು ಅಕ್ವೇರಿಯಂ ಸಂಘದ ಸಭೆ. ರೋವನ್ ಅರ್ಧದಲ್ಲೇ ಎದ್ದು ಮನೆಯ ಕಡೆ ನಡೆದ. ಗಂಟೆ ಒಂಬತ್ತು. ಕಡಲ ದಂಡೆಯ ರಸ್ತೆಯಲ್ಲಿ ಯಾರೂ ಇಲ್ಲ. ದಾರಿಯಲ್ಲಿ ಒಂದು ಹಳೆಯ ಆಲದ ಮರ. ಅದರ ತುಂಬ ಬಾವಲಿಗಳು. ಹಣ್ಣಿಗಾಗಿ ಕಚ್ಚಾಡುತ್ತ ಕಿರ್ರ್... ಕೀಚ್... ಎನ್ನುತ್ತಿದ್ದವು. ಅವನು ಬಿಳಲುಗಳ ಕೆಳಗೆ ಕಾಲಿಟ್ಟ. ಎಲ್ಲವೂ ಒಟ್ಟಿಗೆ ಸುಮ್ಮನಾದವು.

ಆಗ ಕೇಳಿಸಿತು.

ಗುಳುಕ್... ಗುಳುಕ್... ಗುಳುಕ್...

ಹನಿ ಬೀಳುವ ಸದ್ದಲ್ಲ. ನೀರಿನೊಳಗೆ ಗುಳ್ಳೆ ಏಳುವ ಸದ್ದು. ಅಲ್ಲಿ ನೀರೇ ಇರಲಿಲ್ಲ. ಬೇರೆಯವರಾಗಿದ್ದರೆ ಓಡುತ್ತಿದ್ದರು. ರೋವನ್ ಗಡಿಯಾರ ನೋಡಿಕೊಂಡು ಎಣಿಸಿದ. ನಿಮಿಷಕ್ಕೆ ಮೂವತ್ತು.

ಅವನ ಮನೆಯ ಹಿಂದಿನ ಕೋಣೆಯ ಯಂತ್ರದಲ್ಲೂ ನಿಮಿಷಕ್ಕೆ ಮೂವತ್ತೇ ಗುಳ್ಳೆ. ಅವನೇ ಹೊಂದಿಸಿದ್ದು.

ಆ ಯಂತ್ರ ಕ್ಲಾರಿಯದು. ಕ್ಲಾರಿ ಸಂಘದ ಹಿರಿಯ. ಅವನ ಟ್ಯಾಂಕಿನಲ್ಲಿ ನೇರಳೆ ಬಣ್ಣದ ಒಂದು ಹವಳವಿತ್ತು. ಮೂವತ್ತು ವರ್ಷ ಸಾಕಿದ್ದ. ಅದರ ಕೊಂಬೆ ಕತ್ತರಿಸಿ ಹನ್ನೊಂದು ಜನರಿಗೆ ಕೊಟ್ಟಿದ್ದ. ಆ ಹನ್ನೊಂದರಲ್ಲಿ ರೋವನ್ ಒಬ್ಬ. ಸಂಘದಲ್ಲಿ ಒಂದು ರೂಢಿ ಇದೆ. ಕೊಟ್ಟವನ ಟ್ಯಾಂಕಿನ ಹವಳ ಸತ್ತರೆ, ಪಡೆದವರು ಅವನಿಗೊಂದು ಕೊಂಬೆ ಮರಳಿಸಬೇಕು. ಬರೆದಿಟ್ಟ ನಿಯಮವಲ್ಲ. ಆದರೆ ಮೀರಿದವನ ಮನೆಗೆ ಆಮೇಲೆ ಯಾರೂ ಬರುವುದಿಲ್ಲ.

ಡಿಸೆಂಬರಿನ ಬಿರುಗಾಳಿಗೆ ನಾಲ್ಕು ದಿನ ಕರೆಂಟ್ ಹೋಯಿತು. ಕ್ಲಾರಿ ಆಗ ಆಸ್ಪತ್ರೆಯಲ್ಲಿದ್ದ. ಅವನ ಟ್ಯಾಂಕ್ ಸತ್ತಿತು. ಉಳಿದವರ ಟ್ಯಾಂಕುಗಳೂ ಸತ್ತವು. ರೋವನ್ ಮನೆಯಲ್ಲಿ ಜನರೇಟರ್ ಇತ್ತು. ಅವನ ಹವಳ ಬದುಕಿತು. ಹೆಬ್ಬೆರಳಿನಷ್ಟು ಉದ್ದ, ಒಂದೇ ಕೊಂಬೆ.

ಕ್ಲಾರಿ ಆಸ್ಪತ್ರೆಯಿಂದ ಒಬ್ಬೊಬ್ಬರಿಗೂ ಫೋನ್ ಮಾಡಿದ. ಕೊನೆಗೆ ರೋವನ್‌ಗೆ.

"ನಿಂದಾದ್ರೂ ಉಳೀತೇನೋ?"

"ಇಲ್ಲ ಕ್ಲಾರಿ. ಹೋಯ್ತು."

"ಆಗಲಿ ಬಿಡು."

ಕತ್ತರಿಸಿದರೆ ಎರಡೂ ಸಾಯಬಹುದು ಎಂಬುದು ರೋವನ್ ತನಗೆ ಹೇಳಿಕೊಂಡ ಕಾರಣ. ಅದು ಸುಳ್ಳಲ್ಲ. ಊರಿನಲ್ಲಿ ತನ್ನೊಬ್ಬನ ಬಳಿ ಮಾತ್ರ ಇದೆ ಎಂಬ ಹಿಗ್ಗೂ ಸುಳ್ಳಲ್ಲ. ಜನವರಿಯಲ್ಲಿ ಕ್ಲಾರಿ ತೀರಿಹೋದ. ಹೆಣವನ್ನು ಸುಟ್ಟರು. ರೋವನ್ ಟ್ಯಾಂಕನ್ನು ಹಿಂದಿನ ಕೋಣೆಗೆ ಸಾಗಿಸಿದ, ಬೀಗ ಹಾಕಿದ.

ಕ್ಲಾರಿಯ ಹೆಂಡತಿ ಡೆಸ್ಲಿ ಗ್ಯಾರೇಜ್ ಖಾಲಿ ಮಾಡುತ್ತಿದ್ದಳು. ಕ್ಯಾಲ್ಸಿಯಂ ರಿಯಾಕ್ಟರ್ ಎಂಬ ಆ ಯಂತ್ರವನ್ನು ರೋವನ್‌ಗೆ ಕೊಟ್ಟಳು. ಉದ್ದನೆಯ ಪಾರದರ್ಶಕ ಕೊಳವೆ, ಒಂದು ಗ್ಯಾಸ್ ಸಿಲಿಂಡರ್, ಗುಳ್ಳೆ ಎಣಿಸುವ ಚಿಕ್ಕ ಗಾಜಿನ ನಳಿಗೆ. ಜೊತೆಗೆ ಸತ್ತ ತಾಯಿ ಹವಳದ ಬಿಳಿ ಸುಣ್ಣದ ಗೂಡನ್ನೂ ತಂದಿಟ್ಟಳು. "ಇದನ್ನೂ ಒಯ್ಯಿ ಮಗಾ. ಕುಟ್ಟಿ ಅದರೊಳಗೆ ತುಂಬು."

ಅವನು ಸುತ್ತಿಗೆಯಿಂದ ಕುಟ್ಟಿ ತುಂಬಿದ. ಯಂತ್ರದ ಕೆಲಸ ಸರಳ. ಕೊಳವೆಯೊಳಗೆ ಸತ್ತ ಹವಳದ ಚೂರು. ಅದಕ್ಕೆ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ನೀರು ಹುಳಿಯಾಗುತ್ತದೆ. ಹುಳಿ ನೀರಿಗೆ ಚೂರು ಕರಗುತ್ತದೆ. ಕರಗಿದ ಸುಣ್ಣ ಹನಿಹನಿಯಾಗಿ ಟ್ಯಾಂಕಿಗೆ ಇಳಿಯುತ್ತದೆ. ಅದನ್ನು ಹೀರಿ ಜೀವಂತ ಹವಳ ಬೆಳೆಯುತ್ತದೆ.

ಕ್ಲಾರಿ ಎಲ್ಲವನ್ನೂ ಕೈಯಿಂದಲೇ ಮಾಡುತ್ತಿದ್ದ. ರೋವನ್ ಅದಕ್ಕೊಂದು ಕಂಟ್ರೋಲರ್ ಪೆಟ್ಟಿಗೆ ಕೂಡಿಸಿದ. ಹುಳಿ ಹೆಚ್ಚಾದರೆ ಟಕ್ ಎಂದು ವಾಲ್ವ್ ತಾನಾಗಿ ಮುಚ್ಚುತ್ತದೆ. ಟ್ಯಾಂಕಿನೊಳಗೆ ಕೈ ಹಾಕುವಾಗ ಬೇಕಾದರೆ ಗುಂಡಿ ಒತ್ತಿ ನಿಲ್ಲಿಸಬಹುದು. ನಾಲ್ಕು ನಿಮಿಷ ಬಿಟ್ಟು ಮತ್ತೆ ಶುರುವಾಗುತ್ತದೆ. ಪ್ರತಿ ನಿಲುಗಡೆಯನ್ನೂ ಪೆಟ್ಟಿಗೆ ದಾಖಲಿಸುತ್ತದೆ. ಯಂತ್ರ ನಿಲ್ಲಿಸಿದ್ದಾದರೆ 'ತಾನಾಗಿ'. ಗುಂಡಿ ಒತ್ತಿದ್ದಾದರೆ 'ಕೈಯಿಂದ'.

ಮೊದಲ ವಾರ ನಿಮಿಷಕ್ಕೆ ಹದಿನೈದು ಗುಳ್ಳೆ ಬಿಟ್ಟ. ಆಮೇಲೆ ಇಪ್ಪತ್ತು. ಮೂವತ್ತಕ್ಕೆ ನಿಲ್ಲಿಸಿದ. ಹವಳ ಚಿಗುರಿತು. ಜೂನ್ ಮೂರಕ್ಕೆ ಎಣಿಸಿದಾಗ ಹನ್ನೆರಡು ಕೊಂಬೆ.

ಜೂನ್ ಐದರ ಬೆಳಿಗ್ಗೆ ಹನ್ನೊಂದು.

ಮೀನು ಕಚ್ಚಿದ ಗುರುತಲ್ಲ. ಇಕ್ಕಳದಿಂದ ಕತ್ತರಿಸಿದ ನುಣುಪು ಗಾಯ. ದಾಖಲೆ ತೆಗೆದು ನೋಡಿದ. ಜೂನ್ ನಾಲ್ಕು, ರಾತ್ರಿ ಒಂಬತ್ತು ನಲವತ್ತು, ಕೈಯಿಂದ. ಒಂಬತ್ತೂವರೆಗೆ ಟ್ಯಾಂಕಿನ ದೀಪ ಆರುತ್ತದೆ. ಅದಾದ ಹತ್ತು ನಿಮಿಷಕ್ಕೆ.

ಮರುದಿನ ಹತ್ತು. ಅದರ ಮರುದಿನ ಒಂಬತ್ತು. ಅದೇ ಹೊತ್ತು, ಕೈಯಿಂದ. ಫೋನ್ ಇಟ್ಟು ಚಿತ್ರೀಕರಿಸಿದ. ಬರೀ ಕತ್ತಲು. ಸದ್ದು ಮಾತ್ರ ಇತ್ತು. ಟಕ್... ಆಮೇಲೆ ಚಿಟ್.

ಕೋಣೆಯ ಇನ್ನೊಂದು ಕೀಲಿ ಇದ್ದದ್ದು ಹೆಂಡತಿ ಮಾರ್ನಿಯ ಬಳಿ. ಒಂದು ವಾರ ಅವಳ ಬೆರಳ ತುದಿಗಳನ್ನೇ ನೋಡುತ್ತ ಊಟ ಮಾಡಿದ. ಉಪ್ಪಿನ ಬಿಳಿ ಕಾಣುತ್ತದೇನೋ ಎಂದು. ಕೊನೆಗೆ ಕೇಳಿಯೇಬಿಟ್ಟ.

"ನಿನ್ನ ಕಲ್ಲು ಗಿಡ ಕತ್ತರಿಸಿ ನಾನೇನು ಸಾರು ಮಾಡ್ಲಾ?" ಎಂದಳು ಮಾರ್ನಿ. "ಕತ್ತರಿಸೋ ಹಾಗಿದ್ರೆ ಮೊದಲು ನಿನ್ನ ಆ ಗಡ್ಡ ಕತ್ತರಿಸ್ತಿದ್ದೆ."

"ಕೀಲಿ ಇರೋದು ಇಬ್ಬರ ಹತ್ರ."

"ಅಂದ್ರೆ ನಾನು ಕಳ್ಳಿ."

"ನಾನು ಹಾಗನ್ನಲಿಲ್ಲ."

"ಕ್ಲಾರಿ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ, ರೋವನ್. ನೀನು ಏನಂದೆ ಅಂತ ಕೇಳಿಸ್ಕೊಂಡಿದೀನಿ. ಈ ಮನೇಲಿ ಸುಳ್ಳು ಯಾರದು ಅಂತ ನಮ್ಮಿಬ್ರಿಗೂ ಗೊತ್ತು." ಕೀಲಿಯನ್ನು ಮೇಜಿನ ಮೇಲೆ ಎಸೆದು ಇಂಗ್ಹಮ್ ಊರಿನ ಅಕ್ಕನ ಮನೆಗೆ ಕಾರು ಬಿಟ್ಟುಕೊಂಡು ಹೋದಳು. ಅದು ಹನ್ನೊಂದನೇ ತಾರೀಖು, ಸಂಜೆ ಆರು.

ಹನ್ನೊಂದು, ಹನ್ನೆರಡು, ಹದಿಮೂರು. ಮೂರು ರಾತ್ರಿಯೂ ಕೈಯಿಂದ. ಬೀಗ ಬದಲಿಸಿದ್ದ. ಹದಿನಾಲ್ಕರ ಬೆಳಿಗ್ಗೆ ಉಳಿದದ್ದು ಎರಡು ಕೊಂಬೆ.

ಮಾರ್ನಿಯಲ್ಲ ಎಂದಾಯಿತು. ಹಾಗಾದರೆ ಸಂಘದವರು. ಗ್ಯಾವಿನ್ ಮೇಲೆ ಅನುಮಾನ ಬಂತು. ಗ್ಯಾವಿನ್ ಬೀಗ ರಿಪೇರಿಯವನು. ಅವನ ಮುಖ ನೋಡಬೇಕೆಂದೇ ರೋವನ್ ಸಭೆಗೆ ಹೋಗಿದ್ದು.

ಗ್ಯಾವಿನ್ ಬಿಯರ್ ಹಿಡಿದು ಎದ್ದು ನಿಂತ. ಎಲ್ಲರೂ ಹೇಳುವುದಕ್ಕೆ ಹಿಂಜರಿಯುತ್ತಿದ್ದ ಮಾತನ್ನು ಅವನೇ ತೆಗೆದ.

"ನನ್ನ ಮನೆಗೆ ಹೋದ ವಾರ ಕಳ್ಳ ಬಂದಿದ್ದ. ಏನೂ ಒಯ್ಯಲಿಲ್ಲ. ಫ್ರಿಜ್ಜಿನಲ್ಲಿದ್ದ ಬಿಯರ್ ಕೂಡ ಮುಟ್ಟಲಿಲ್ಲ, ಅಷ್ಟು ದಡ್ಡ. ಟ್ಯಾಂಕಿನಲ್ಲಿ ಕ್ಲಾರಿಯ ನೇರಳೆ ಕೊಂಬೆ ಇಟ್ಟು ಹೋಗಿದಾನೆ."

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಳು ಮೆಲ್ಲಗೆ, "ನನಗೂ ಬಂದಿದೆ" ಎಂದಳು. ಆಮೇಲೆ ಇನ್ನೊಬ್ಬ. ಎಣಿಸಿದರು. ಕ್ಲಾರಿಯಿಂದ ಪಡೆದಿದ್ದವರಲ್ಲಿ ಹತ್ತು ಮಂದಿಗೆ, ಹತ್ತು ರಾತ್ರಿಯಲ್ಲಿ, ಒಂದೊಂದು ಕೊಂಬೆ.

ಗ್ಯಾವಿನ್ ಫೋನಿನಲ್ಲಿ ಚಿತ್ರ ತೋರಿಸಿದ. ಕೊಂಬೆಯನ್ನು ಬಿಳಿ ಸಿಮೆಂಟಿನ ಬಿಲ್ಲೆಗೆ ಅಂಟಿಸಲಾಗಿತ್ತು. ಬಿಲ್ಲೆಯ ನಡುವೆ ಹೆಬ್ಬೆರಳು ಒತ್ತಿದ ಕುಳಿ. ಉಳಿದವರೆಲ್ಲ ಅಂಗಡಿಯ ಪ್ಲಾಸ್ಟಿಕ್ ಬಿಲ್ಲೆ ಬಳಸುತ್ತಾರೆ. ಹೀಗೆ ಕುಳಿ ಒತ್ತುತ್ತಿದ್ದವನು ಕ್ಲಾರಿ ಒಬ್ಬನೇ.

"ನಿನಗೆ ಬಂದಿಲ್ವೇನೋ?" ಎಂದು ಕೇಳಿದ ಗ್ಯಾವಿನ್.

"ಇಲ್ಲ."

"ಹತ್ತು ಜನಕ್ಕೆ ಬಂದಿದೆ. ನಿನಗೊಬ್ಬನಿಗೆ ಇಲ್ಲ. ಯಾಕಂತೆ?"

"ನನಗೇನು ಗೊತ್ತು?"

"ಪಾಪ," ಎಂದ ಗ್ಯಾವಿನ್. ಕಣ್ಣು ಮಾತ್ರ ರೋವನ್ ಮುಖದಿಂದ ಕದಲಲಿಲ್ಲ.

ರೋವನ್ ಬಾಯಿ ಕಟ್ಟಿತ್ತು. ಕದ್ದದ್ದು ನನ್ನ ಮನೆಯಿಂದ ಎನ್ನಲು, ನನ್ನ ಹವಳ ಬದುಕಿತ್ತು ಎಂದು ಮೊದಲು ಒಪ್ಪಬೇಕಿತ್ತು. ಅದಕ್ಕೇ ಎದ್ದು ಬಂದದ್ದು. ಆಲದ ಕೆಳಗೆ ನಿಂತು ಮೂವತ್ತು ಎಣಿಸಿದ ಮೇಲೂ ಅವನು ಹುಡುಕುತ್ತಿದ್ದದ್ದು ಮನುಷ್ಯನನ್ನೇ. ಯಾರೋ ಸದ್ದು ಮಾಡಿ ಹೆದರಿಸುತ್ತಿದ್ದಾರೆ, ತನ್ನನ್ನು ಮನೆಯಿಂದ ದೂರ ತಡೆಯುತ್ತಿದ್ದಾರೆ ಎಂದುಕೊಂಡ. ಬೇಗ ಬೇಗ ನಡೆದ. ಈ ರಾತ್ರಿ ಕೈ ಹಿಡಿಯಬೇಕು. ಇನ್ನು ಎರಡೇ ಉಳಿದಿರುವುದು.

ಒಂಬತ್ತು ಮೂವತ್ತಕ್ಕೆ ಕೋಣೆಯೊಳಗೆ ಸೇರಿ ಒಳಗಿನಿಂದ ಚಿಲಕ ಹಾಕಿದ. ಒಂದು ಕೈಯಲ್ಲಿ ಕ್ರಿಕೆಟ್ ಬ್ಯಾಟು, ಇನ್ನೊಂದರಲ್ಲಿ ಕೆಂಪು ಬೆಳಕಿನ ಟಾರ್ಚು. ಟ್ಯಾಂಕಿನ ದೀಪ ಆರಿತು. ಗುಳುಕ್... ಗುಳುಕ್... ಗುಳ್ಳೆಗಳು ಏಳುತ್ತಿದ್ದವು. ಪಂಪಿನ ಮ್‌ಮ್‌ಮ್ ಸದ್ದು. ಅಷ್ಟೇ.

ಟಾರ್ಚ್ ಹೊತ್ತಿಸಿದ. ಕೆಂಪು ಬೆಳಕಿನಲ್ಲಿ ಎರಡು ಕೊಂಬೆ. ಟ್ಯಾಂಕಿನ ಅಂಚಿನ ಮೇಲೆ ಏನೋ ಬೆಳ್ಳಗೆ ಕಂಡಿತು. ಸಿಮೆಂಟಿನ ಬಿಲ್ಲೆ. ನಡುವೆ ಹೆಬ್ಬೆರಳಿನ ಕುಳಿ. ಕುಳಿ ಇನ್ನೂ ಒದ್ದೆ.

ಒಂದೇ ಬಿಲ್ಲೆ.

ರೋವನ್ ಬ್ಯಾಟನ್ನು ಗೋಡೆಗೆ ಒರಗಿಸಿದ. ಹತ್ತು ಮಂದಿಗೆ ಹತ್ತು ಹೋಯಿತು. ಪಡೆದವರಲ್ಲಿ ಹನ್ನೊಂದನೆಯವನು ತಾನು. ಹಾಗಾದರೆ ಉಳಿದ ಎರಡರಲ್ಲಿ ಒಂದು ತನ್ನದು. ಇನ್ನೊಂದು... ಲೆಕ್ಕ ಅವನಿಗೆ ತಡವಾಗಿ ತಿಳಿಯಿತು. ಇನ್ನೊಂದು ಫೋನಿನಲ್ಲಿ ಕೇಳಿದ್ದವನದು.

ಗೋಡೆಯಲ್ಲಿ ನೇತುಹಾಕಿದ್ದ ಇಕ್ಕಳ ತೆಗೆದುಕೊಂಡ. ಗ್ಯಾಸ್ ನಿಲ್ಲಿಸಲು ಗುಂಡಿಯತ್ತ ಬೆರಳು ಚಾಚಿದ. ಇನ್ನೂ ಒಂದು ಗೇಣು ದೂರ ಇತ್ತು.

ಟಕ್.

ಗುಳ್ಳೆ ನಿಂತಿತು. ಒಂಬತ್ತು ನಲವತ್ತು.

ಆಮೇಲೆ ನೀರು ಏರಿತು. ತುಂಬಿದ ಟ್ಯಾಂಕಿಗೆ ಭುಜದವರೆಗೆ ತೋಳು ಇಳಿಸಿದರೆ ನೀರು ಎಷ್ಟು ಏರುತ್ತದೋ ಅಷ್ಟು. ಅಂಚಿನಿಂದ ಸಳ್... ಎಂದು ನೆಲಕ್ಕೆ ಚೆಲ್ಲಿತು. ರೋವನ್ ಪಾದ ಒದ್ದೆಯಾಯಿತು. ಅವನ ಎರಡೂ ಕೈ ಇನ್ನೂ ಹೊರಗೇ ಇದ್ದವು.

"ಕ್ಲಾರಿ?"

ನೀರು ಇಳಿಯಲಿಲ್ಲ.

"ನಾನೇ ಕತ್ತರಿಸ್ತೀನಿ," ಎಂದು ಪಿಸುಗುಟ್ಟಿದ.

ಕೈ ಒಳಗಿಳಿಸಿದ. ಒಂದು ಕೈಯಿಂದ ಕತ್ತರಿಸುವಾಗ ಕೊಂಬೆ ಅಲುಗುತ್ತದೆ, ಜಾರುತ್ತದೆ; ಇನ್ನೊಂದು ಕೈ ಹಿಡಿದಿರಬೇಕು. ಅಂದು ಅಲುಗಲಿಲ್ಲ. ಆ ಕಡೆಯಿಂದ ಯಾರೋ ಹಿಡಿದ ಹಾಗೆ ಗಟ್ಟಿಯಾಗಿ ನಿಂತಿತ್ತು.

ಚಿಟ್.

ನೀರು ನಿಧಾನವಾಗಿ ಇಳಿಯಿತು. ಟಕ್. ಗುಳುಕ್... ಗುಳುಕ್...

ಕೊಂಬೆಯನ್ನು ಬಿಲ್ಲೆಗೆ ಅಂಟಿಸಿದ. ಐಸ್‌ಕ್ರೀಮ್ ಡಬ್ಬಿಯಲ್ಲಿ ಟ್ಯಾಂಕಿನ ನೀರು ತುಂಬಿ, ಅದರಲ್ಲಿಟ್ಟು, ಎರಡು ಬೀದಿ ಆಚೆಗಿನ ಡೆಸ್ಲಿಯ ಮನೆಗೆ ನಡೆದ. ಹತ್ತು ಗಂಟೆ ದಾಟಿತ್ತು. ಜಗಲಿಯ ದೀಪ ಉರಿಯುತ್ತಿತ್ತು. ಬಾಗಿಲು ತಟ್ಟುವ ಮೊದಲೇ ಡೆಸ್ಲಿ ತೆರೆದಳು.

"ತಂದ್ಯಾ ಮಗಾ?"

ರೋವನ್ ಡಬ್ಬಿ ಚಾಚಿದ.

ಅವಳು ಅವನನ್ನು ಬಟ್ಟೆ ಒಗೆಯುವ ಕೋಣೆಗೆ ಕರೆದೊಯ್ದಳು. ಅಲ್ಲೊಂದು ದೊಡ್ಡ ಬಕೆಟ್. ಒಳಗೆ ಚಿಕ್ಕ ಪಂಪು, ಹೀಟರು. ಉಪ್ಪು ನೀರು ತಿರುಗುತ್ತಿತ್ತು. ಮೇಲೊಂದು ದೀಪ. ಮೀನಿಲ್ಲ, ಕಲ್ಲಿಲ್ಲ, ಏನೂ ಇಲ್ಲ. ಅವನು ಬೆರಳಿಟ್ಟು ನೋಡಿದ. ಬೆಚ್ಚಗಿತ್ತು.

"ಯಾವಾಗಿಂದ ಇದೆ ಇದು?"

"ಜನವರಿಯಿಂದ. ದಿನಾ ಆರಿದಷ್ಟು ನೀರು ಹಾಕ್ತೀನಿ." ಡೆಸ್ಲಿ ತೋಳು ಮಡಚಿದಳು. "ಆಸ್ಪತ್ರೇಲಿ ಫೋನ್ ಇಟ್ಟ ಮೇಲೆ ಕ್ಲಾರಿ ನಕ್ಕ. 'ಆ ಹುಡುಗನಿಗೆ ಸುಳ್ಳು ಹೇಳೋಕೂ ಬರಲ್ಲ ಡೆಸ್. ಅವನ ಹತ್ರ ಇದೆ. ತರ್ತಾನೆ. ನೀರು ಬೆಚ್ಚಗಿಟ್ಟಿರು' ಅಂದ."

"ನೀವು ನನ್ನ ಕೇಳ್ಬಹುದಿತ್ತು."

"ಕೇಳ್ಬೇಡ ಅಂದಿದ್ದ. ಕೇಳಿದ್ರೆ ಕಿತ್ಕೊಂಡ ಹಾಗಾಗುತ್ತಂತೆ."

ರೋವನ್ ಕೊಂಬೆಯನ್ನು ಬಕೆಟ್ಟಿಗೆ ಇಳಿಸಿದ. ಆಮೇಲೆ, ಅನುಮಾನ ಅಷ್ಟು ಸುಲಭಕ್ಕೆ ಬಿಡುವುದಿಲ್ಲವಲ್ಲ, ಕೇಳಿಯೇ ಕೇಳಿದ: "ಈ ಬಿಲ್ಲೆ... ನೀವು ಮಾಡಿದ್ದಾ?"

ಡೆಸ್ಲಿ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು.

"ನಾನ್ಹೇಗೆ ಮಾಡ್ಲಿ ಮಗಾ," ಎಂದಳು ಮೆಲ್ಲಗೆ. "ಅದಕ್ಕೆ ಅಚ್ಚು ಅವನ ಹೆಬ್ಬೆರಳು. ಅದನ್ನ ಸುಟ್ಟಾಯ್ತಲ್ಲ."

ರೋವನ್ ಖಾಲಿ ಡಬ್ಬಿ ಎತ್ತಿಕೊಂಡು ಮನೆಗೆ ನಡೆದ.

ಮಾರನೆಯ ವಾರ ರೋವನ್ ಸಂಘದಲ್ಲಿ ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಂಡ. ಮಾರ್ನಿ ಮರಳಿ ಬಂದಳು. ಬಂದವಳು ಮೊದಲು ಕೇಳಿದ್ದು ದಾಖಲೆಯನ್ನು. ಓದಿದಳು. ಗ್ಯಾವಿನ್ ಮೂರು ಸಲ ಓದಿದ, ಪೆಟ್ಟಿಗೆ ಬಿಚ್ಚಿ ಗುಂಡಿಯ ತಂತಿ ನೋಡಿದ, ಮುಚ್ಚಿದ. ಯಂತ್ರ ಈಗಲೂ ಅದೇ ಕೋಣೆಯಲ್ಲಿದೆ. ದಾಖಲೆ ಅಳಿಸಿಲ್ಲ. ನಂಬದವರು ಹೋಗಿ ನೋಡಿಕೊಂಡು ಬರಬಹುದು. ರೋವನ್ ಬೇಡ ಅನ್ನುವುದಿಲ್ಲ. ಜೂನ್ ನಾಲ್ಕರಿಂದ ಹದಿನಾಲ್ಕರವರೆಗೆ 'ಕೈಯಿಂದ' ಎಂಬ ನಮೂದು ಹನ್ನೊಂದು. ಅದರಲ್ಲಿ ರೋವನ್ ಒತ್ತಿದ್ದು ಸೊನ್ನೆ.